ಪಿಕಪ್ಪಿನ ಎಡಗಡೆ ಸೀಟು

ಪುಟ್ಟಬಸವಯ್ಯನ ಪಿಕಪ್ಪಿಗೆ ಹತ್ತೊಂಬತ್ತು ವರ್ಷ ತುಂಬಿತ್ತು. ಬಾಗಿಲಿನ ನೀಲಿ ಬಣ್ಣ ಬಿಸಿಲಿಗೆ ಬೂದಿಯಾಗಿತ್ತು. ಹಿಂದಿನ ತೊಟ್ಟಿಯ ತಗಡು ಸೌದೆಯ ಏಟು ತಿಂದೂ ತಿಂದೂ ಒಳಗಿನಿಂದ ಹೊರಕ್ಕೆ ಉಬ್ಬಿಕೊಂಡಿತ್ತು. ಇಂಜಿನ್ನು ಮಾತ್ರ ಇವತ್ತಿಗೂ ಒಂದೇ ಸಲಕ್ಕೆ ಎದ್ದುಬಿಡುತ್ತಿತ್ತು. ನಂಜನಗೂಡು, ನರಸೀಪುರ ಎರಡು ತಾಲೂಕಿನಲ್ಲಿ ಎಲ್ಲಿ ಹುಣಸೆ ಮರ ಉರುಳಿದರೂ, ಯಾವ ಛತ್ರದಲ್ಲಿ ಮದುವೆ ಕೂಡಿಬಂದರೂ, ಸೌದೆ ಬೇಕೆಂದರೆ ಜನ ಮೊದಲು ನೆನೆಸುತ್ತಿದ್ದದ್ದು ಅವನನ್ನೇ. ಗ್ಯಾಸು ಬಂದು ಎಷ್ಟೋ ಕಾಲವಾಯಿತು. ಆದರೂ ಸಾವಿರ ಎಲೆ ಬೀಳುವ ಮನೆಗೆ ಸೌದೆ ಒಲೆಯೇ ಸೈ ಅನ್ನುವ ಅಡಿಗೆಯವರು ಇನ್ನೂ ಇದ್ದರು.

ಒಂದೂವರೆ ವರ್ಷದಿಂದ ಆ ಗಾಡಿ ಓಡಿಸುತ್ತಿದ್ದವಳು ಅವನ ಹೆಂಡತಿ ರುದ್ರಾಣಿ.

ಆದದ್ದಿಷ್ಟು. ಸಕ್ಕರೆ ಕಾಯಿಲೆ ಅವನಿಗೆ ಹಳೆಯದು. ಅದು ಕಾಲಿಗೆ ಬಂದೀತು, ಕಿಡ್ನಿಗೆ ಬಂದೀತು ಎಂದು ಎಲ್ಲರೂ ಹೆದರಿಸುತ್ತಿರುವಾಗ ಅದು ಸದ್ದಿಲ್ಲದೆ ಕಣ್ಣಿಗೆ ಬಂತು. ಮೈಸೂರಿನ ಡಾಕ್ಟರು ಕಣ್ಣೊಳಗೆ ದೀಪ ಬಿಟ್ಟು ನೋಡಿ, "ಒಳಗಿನ ಪರದೆ ಹಾಳಾಗ್ತಾ ಇದೆ. ಇಂಜೆಕ್ಷನ್ ತಪ್ಪದೆ ತಗೊಂಡ್ರೆ ಇರೋದನ್ನ ಉಳಿಸ್ಕೋಬಹುದು. ಗಾಡಿ ಓಡಿಸೋದು ಮಾತ್ರ ಇವತ್ತಿಗೇ ಬಿಟ್ಬಿಡಿ" ಅಂದಿದ್ದರು. ಪುಟ್ಟಬಸವಯ್ಯ ಎರಡು ಇಂಜೆಕ್ಷನ್ ಹಾಕಿಸಿಕೊಂಡ. ಕಣ್ಣಿಗೇ ಸೂಜಿ ಹತ್ತಿರ ಬರುವುದನ್ನು ಕಂಡು ಮೂರನೆಯದಕ್ಕೆ ಹೆದರಿಬಿಟ್ಟ. "ಈಗ ಚೆನ್ನಾಗೇ ಕಾಣ್ತದೆ, ಇನ್ಯಾಕೆ?" ಎಂದು ಮನೆಯಲ್ಲಿ ಹೇಳಿ ಆಸ್ಪತ್ರೆಯ ದಾರಿ ಬಿಟ್ಟ.

ಗಾಡಿ ಮಾರಿಬಿಡಿ ಎಂದವಳು ತಾಂಡ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಮಗಳು ಶಿವಾನಿ. ಬೇಡ, ನಾನು ಓಡಿಸುತ್ತೇನೆ ಎಂದವಳು ರುದ್ರಾಣಿ. ತವರಿನಲ್ಲಿ ಹದಿನೇಳನೆಯ ವಯಸ್ಸಿಗೇ ಅಣ್ಣನ ಟ್ರ್ಯಾಕ್ಟರ್ ಹತ್ತಿ ಗದ್ದೆ ಕೆಸರು ಮಾಡಿದ್ದವಳು ಅವಳು. ನಲವತ್ತಾರಕ್ಕೆ ಲೈಸೆನ್ಸು ಮಾಡಿಸಿದಳು. ಮೊದಲ ತಿಂಗಳು ಸೌದೆ ಡಿಪೋದ ಗಂಡಸರು ಟೀ ಲೋಟ ಹಿಡಿದು ಹೊರಗೆ ಬಂದು ನಿಂತು ನೋಡುತ್ತಿದ್ದರು. ಎರಡನೆಯ ತಿಂಗಳಿಗೆ ಒಳಗೇ ಕೂತು ಟೀ ಕುಡಿಯತೊಡಗಿದರು.

ಪುಟ್ಟಬಸವಯ್ಯ ಎಡಗಡೆ ಸೀಟಿಗೆ ಬಂದ. ಬಂದವನು ಸುಮ್ಮನೆ ಕೂರಲಿಲ್ಲ. "ಮುಂದೆ ತಿರುವದೆ, ಆರನ್ ಮಾಡು." "ಬೇವಿನ ಮರದತ್ರ ಗುಂಡಿ, ಎಡಕ್ಕೆ ತಕ್ಕ." "ಇಲ್ಲಿ ಸೆಕೆಂಡಿಗೆ ಇಳ್ಸು." ಹೊರಟಲ್ಲಿಂದ ಮುಟ್ಟುವ ತನಕ ಅವನ ಬಾಯಿಗೆ ಬಿಡುವಿಲ್ಲ. ರುದ್ರಾಣಿ "ಉಂ" ಅನ್ನುವಳು, ಅವನು ಹೇಳಿದಂತೆ ಎಡಕ್ಕೋ ಬಲಕ್ಕೋ ತಿರುಗಿಸುವಳು. ಇಷ್ಟು ಚೆನ್ನಾಗಿ ದಾರಿ ತೋರಿಸುವವನಿಗೆ ಕಣ್ಣಿಲ್ಲ ಎಂದು ಯಾರು ಹೇಳಿಯಾರು? ಹಾಗೆಂದುಕೊಂಡೇ ಅವನ ದಿನ ಕಳೆಯುತ್ತಿತ್ತು.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ನಂಜನಗೂಡಿನ ಒಂದು ಛತ್ರದಲ್ಲಿ ದೊಡ್ಡ ಮದುವೆ ಗೊತ್ತಾಯಿತು. ಅಡಿಗೆ ಹಿಡಿದಿದ್ದವನು ಅಮೃತೇಶ್. ಅವನು ಹಟಮಾರಿ, ಹುಣಸೆ ಸೌದೆಯೇ ಆಗಬೇಕು, ಚೆನ್ನಾಗಿ ಒಣಗಿರಬೇಕು. ನರಸೀಪುರದಾಚೆ ಮೂಗೂರಿನ ಕಡೆ ಕರಿಯಪ್ಪನೆಂಬವನ ಹೊಲದಲ್ಲಿ ಹೋದ ಬೇಸಿಗೆಯ ಗಾಳಿಗೆ ಬಿದ್ದ ಮುದಿ ಹುಣಸೆಯೊಂದಿತ್ತು. ಅದನ್ನು ಮಿಷನ್ನಿನಲ್ಲಿ ಕೊಯ್ಯಿಸಿ ಒಣಗಿಸಿ ಇಟ್ಟಿದ್ದರು. ಅದೇ ಸರಿ ಎಂದು ಮಾತಾಯಿತು.

ಬೆಳಿಗ್ಗೆ ಎಂಟಕ್ಕೇ ಗಂಡ ಹೆಂಡತಿ ಕರಿಯಪ್ಪನ ಹೊಲದಲ್ಲಿದ್ದರು. ರುದ್ರಾಣಿ ರಾಶಿಯ ಸುತ್ತ ಒಂದು ಸುತ್ತು ಬಂದಳು. ಒಂದು ಕಡೆ ರೆಂಬೆ ಸೀಳಿದ ತೆಳು ಸೌದೆ. ಇನ್ನೊಂದು ಕಡೆ ಬೊಡ್ಡೆ ಕೊಯ್ದ ಕೊರಡುಗಳು, ಒಂದೊಂದನ್ನು ಇಬ್ಬರು ಎತ್ತಬೇಕು.

"ಈಗ ಸೀಳಿದ್ದು ಮಾತ್ರ ತುಂಬಣ. ಕೊರಡು ಮಧ್ಯಾನ್ನಕ್ಕೆ ಇನ್ನೊಂದು ಟ್ರಿಪ್ಪು" ಅಂದಳು.

"ಆಯ್ತು ಕಣಮ್ಮಿ" ಅಂದ ಪುಟ್ಟಬಸವಯ್ಯ.

ಅವಳು ಕರಿಯಪ್ಪನ ಮನೆಯವರು ಕರೆದರೆಂದು ರೊಟ್ಟಿ ತಿನ್ನಲು ಒಳಗೆ ಹೋದಳು. ಆಗಲೇ ಅಮೃತೇಶನ ಫೋನು ಬಂತು.

"ಅಣ್ಣ, ಮಧ್ಯಾನ್ನದೊಳಗೆ ಅಷ್ಟೂ ಸೌದೆ ಬಿದ್ದಿರ್ಬೇಕು. ಎರಡು ಟ್ರಿಪ್ಪು ಗಿಪ್ಪು ಅಂತ ಎಳೀಬ್ಯಾಡಿ. ನೀವು ಓಡಿಸ್ತಿದ್ದಾಗ ಒಂದೇ ಏಟಿಗೆ ತಂದಾಕ್ತಿದ್ರಲ್ಲ!"

ಆ ಕೊನೆಯ ಮಾತು ಪುಟ್ಟಬಸವಯ್ಯನಿಗೆ ನಾಟಿತು. ಹೌದು, ತರುತ್ತಿದ್ದ. ಒಂದೂಕಾಲು ಟನ್ನಿನ ಗಾಡಿಗೆ ಎರಡೂವರೆ ಟನ್ನು ಹೇರಿ ಕಾಳಿನಷ್ಟೂ ಅಲುಗದಂತೆ ತರುತ್ತಿದ್ದ. "ಒಂದೇ ಟ್ರಿಪ್ಪು. ಬತ್ತದೆ" ಎಂದು ಫೋನು ಮಡಗಿದವನು, ಕೂಲಿಯವರನ್ನು ಕರೆದು ಕೊರಡುಗಳನ್ನು ಮೊದಲು ಎತ್ತಿಸಿದ. ತಳಕ್ಕೆ ಹಾಸಿಸಿದ. ಅಷ್ಟೂ ಹಿಡಿಸದೆ ಉಳಿದದ್ದನ್ನು ಹಿಂಬಾಗಿಲಿಗೆ ಒತ್ತಿ ಕೂರಿಸಿದ. ಮೇಲೆ ತೆಳು ಸೌದೆಯನ್ನು ಮುಚ್ಚಿದಂತೆ ಜೋಡಿಸಿದ. ಅವನ ಬೆರಳು ಮರವನ್ನು ಮುಟ್ಟಿಯೇ ಅದರ ತೂಕ ಹೇಳುತ್ತಿತ್ತು. ಆ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ. ಹಗ್ಗ ಬಿಗಿದು ನಿಂತಾಗ, ಹೊರಗಿನಿಂದ ನೋಡಿದರೆ ರುದ್ರಾಣಿ ಹೇಳಿದಷ್ಟೇ ಎತ್ತರದ ಲೋಡು.

ರುದ್ರಾಣಿ ಬಂದು ಟೈರು ನೋಡಿದಳು.

"ಇದ್ಯಾಕೆ ಇಂಗೆ ಅಪ್ಪಳಿಸ್ಕಂಡದೆ?"

"ಗಾಳಿ ಕಮ್ಮಿ ಅದೆ. ನರಸೀಪುರದಲ್ಲಿ ಒಡ್ಸಣ ನಡಿ."

ಗಂಡನ ಮುಖವನ್ನು ಒಂದು ಗಳಿಗೆ ನೋಡಿ, ಅವಳು ಹತ್ತಿ ಕೂತಳು.

ನರಸೀಪುರದಲ್ಲಿ ಗಾಳಿ ಹೊಡೆಸಿದ್ದೂ ಆಯಿತು. ಟೈರು ಸ್ವಲ್ಪ ಎದ್ದಿತೇ ಹೊರತು ಗಾಡಿ ಏಳಲಿಲ್ಲ. ಊರು ದಾಟಿ ನಂಜನಗೂಡಿನ ದಾರಿ ಹಿಡಿದ ಮೇಲೆ ರುದ್ರಾಣಿ ಎರಡು ಸಲ, "ಸ್ಟೇರಿಂಗು ಅಗುರಾಗ್ಬುಟ್ಟದೆ, ಮಾತೇ ಕೇಳದು" ಅಂದಳು. ಅವನು ಕೇಳಿಸದವನಂತೆ, "ಮುಂದೆ ಬೇವಿನ ಮರದತ್ರ ಗುಂಡಿ, ಎಡಕ್ಕೆ ತಕ್ಕ" ಅಂದ. ಅವಳು ಎಡಕ್ಕೆ ತೆಗೆದುಕೊಂಡಳು.

ಅಲ್ಲಿಂದ ಎರಡು ಮೈಲಿಗೆ ನಾಲೆಯ ಸೇತುವೆ. ನೋಡಲು ದೊಡ್ಡ ಏರೇನಲ್ಲ. ಹೊರೆ ಹೊತ್ತವನಿಗೆ ಮಾತ್ರ ಗೊತ್ತಾಗುವ ಏರು. ರುದ್ರಾಣಿ ಫಸ್ಟ್ ಗೇರಿಗೆ ಇಳಿಸಿದಳು. ಗಾಡಿ ಅರ್ಧ ಏರಿತು. ಅಷ್ಟರಲ್ಲಿ ಮೂತಿ ಮೆಲ್ಲಗೆ ಮೇಲಕ್ಕೆದ್ದಂತಾಯಿತು, ಸ್ಟೇರಿಂಗು ಕೈಯಲ್ಲಿ ಸುಮ್ಮನೆ ತಿರುಗಿತು, ಇಂಜಿನ್ನು ಕೆಮ್ಮಿ ನಿಂತಿತು. ಎರಡು ಅಡಿ ಹಿಂದಕ್ಕೆ ಜಾರಿತು. ಅವಳು ಬ್ರೇಕನ್ನು ಬಲವಾಗಿ ಒತ್ತಿ ಹಿಡಿದಳು.

"ಕಲ್ಲು!" ಅಂದಳು.

ಅವಳು ಅನ್ನುವ ಮುಂಚೆಯೇ ಪುಟ್ಟಬಸವಯ್ಯ ಇಳಿದಾಗಿತ್ತು. ಸೀಟಿನ ಕೆಳಗಿನ ಕಲ್ಲನ್ನು ಎಳೆದು, ಒಂದೇ ನೆಗೆತಕ್ಕೆ ಹಿಂದಿನ ಚಕ್ರಕ್ಕೆ ಕೊಟ್ಟ. ಗಾಡಿ ನಿಂತಿತು.

ರುದ್ರಾಣಿ ಇಳಿದು ಹಿಂದಕ್ಕೆ ಬಂದಳು. ಹಗ್ಗ ಸಡಿಲಿಸಿ, ಮೇಲಿನ ನಾಲ್ಕು ಸೀಳು ಸೌದೆ ಸರಿಸಿದಳು. ಒಳಗಿನ ಕೊರಡಿನ ದುಂಡು ಮುಖ ಕಾಣಿಸಿತು. ಬೇರೆಯ ಹೆಂಗಸಾಗಿದ್ದರೆ ಕೂಗಾಡುತ್ತಿದ್ದಳೇನೋ. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು, "ಅರ್ಧ ಇಳ್ಸಣ" ಅಂದಳು.

"ಇಳ್ಸೋದೇನು ಬ್ಯಾಡ. ಕ್ಲಚ್ಚು ಬಿಡೋದ್ರಲ್ಲಿ ಅದೆ ಮರ್ಮ. ಅತ್ಲಾಗೆ ಸರಿ ನೀನು, ನಾನು ಅತ್ತಿಸ್ಕೊಡ್ತೀನಿ."

"ಬ್ಯಾಡ ಕಣ್ರೀ."

"ಸೇತುವೆ ದಾಟ್ಸೋದು ಅಷ್ಟೇ ಕಣಮ್ಮಿ! ಅದಿನೇಳು ವರ್ಷ ಓಡ್ಸಿದೋನು ನಾನು. ಇದರ ಎಲುಬು ಎಲುಬೂ ಗೊತ್ತು ನಂಗೆ."

ಅವಳು ಇನ್ನೊಂದು ಸಲ ಬೇಡ ಎನ್ನುವುದರೊಳಗೆ ಅವನು ಬಲಗಡೆ ಬಾಗಿಲು ತೆಗೆದು ಹತ್ತಿಬಿಟ್ಟಿದ್ದ. ಒಂದೂವರೆ ವರ್ಷದ ಮೇಲೆ ಆ ಸೀಟು. ಹೆಂಡತಿ ಅದನ್ನು ಮುಂದಕ್ಕೆ ಎಳೆದುಕೊಂಡಿದ್ದಳು. ಅವನ ಮೊಣಕಾಲು ಸ್ಟೇರಿಂಗಿಗೆ ತಾಗಿತು. ಅದೂ ಒಂದು ಸುಖವೇ ಅನ್ನಿಸಿತು. ಕೀ ತಿರುಗಿಸಿದ. ಕಾಲು ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ನೆನಪಿಟ್ಟಿತ್ತು. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು, ಗಾಡಿಯನ್ನು ಒಂದಿಷ್ಟು ಓರೆಗೆ ತಿರುಗಿಸಿ, ಇಂಜಿನ್ನಿನ ಸದ್ದು ಕೇಳುತ್ತಾ ಕೇಳುತ್ತಾ ಹತ್ತಿಸಿದ. ರುದ್ರಾಣಿ ಕಲ್ಲನ್ನು ಕೈಯಲ್ಲಿ ಹಿಡಿದು ಹಿಂದೆ ಹಿಂದೆಯೇ ನಡೆದು ಬಂದಳು. ಮೂತಿ ಎದ್ದಿತು, ಇಳಿಯಿತು. ಗಾಡಿ ಸೇತುವೆಯ ನೆತ್ತಿ ದಾಟಿತು.

ಪುಟ್ಟಬಸವಯ್ಯ ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಗಾಡಿ ಇಳಿಜಾರು ಹಿಡಿದಿತ್ತು, ಮನಸ್ಸೂ ಹಿಡಿದಿತ್ತು. ಇನ್ನು ನೂರು ಗಜ ಎಂದುಕೊಂಡು ಬಿಟ್ಟ.

ಆ ಕಡೆ ಇಳಿದಲ್ಲಿ ರಸ್ತೆಯ ಮೇಲೆ ಯಾರೋ ಹುರುಳಿ ಗಿಡ ಹರಡಿದ್ದರು. ಆ ಸೀಮೆಯಲ್ಲಿ ಅದು ಇದ್ದದ್ದೇ. ಹೋಗುವ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ಟಾರಿನ ಮೇಲೇ ಒಕ್ಕಣೆ. ಪುಟ್ಟಬಸವಯ್ಯನಿಗೆ ಮುಂದೆ ಕಂಡದ್ದು ಕಂದು ಬಣ್ಣದ ಒಂದೇ ಹರವು. ಆ ಕಂದಿನ ನಡುವೆ ಕಂದು ಸೀರೆಯುಟ್ಟ ಒಬ್ಬ ಮುದುಕಿ ರಸ್ತೆಗೆ ಬೆನ್ನು ಮಾಡಿ, ಕುಕ್ಕರಗಾಲಲ್ಲಿ ಕೂತು ಕಾಳು ಬಳಿಯುತ್ತಿದ್ದದ್ದು ಅವನಿಗೆ ಕಾಣಲೇ ಇಲ್ಲ.

"ರೀ! ನಿಲ್ಸಿ! ನಿಲ್ಸ್ರೀ! ಜನ ಅವ್ರೆ!"

ರುದ್ರಾಣಿಯ ದನಿ ಸೇತುವೆಯ ಮೇಲಿನಿಂದ ಬಂತು. ಅಂಥ ದನಿಯನ್ನು ಅವನು ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ. ಕಾಲು ಬ್ರೇಕಿನ ಮೇಲೆ ಬಿತ್ತು. ಹುರುಳಿ ಸೊಪ್ಪಿನ ಮೇಲೆ ಚಕ್ರ ಜಾರಿತು, ಇನ್ನೂ ಜಾರಿತು, ಹಿಂದಿನ ಕೊರಡುಗಳು ಕ್ಯಾಬಿನ್ನಿಗೆ ಧಡ್ ಎಂದು ಬಡಿದವು. ಗಾಡಿ ನಿಂತಿತು.

ಮುಂದಿನ ಬಂಪರಿಗೂ ಮುದುಕಿಯ ಬೆನ್ನಿಗೂ ಎರಡು ಮೊಳವಿತ್ತು.

ಮುದುಕಿ ನಿಧಾನಕ್ಕೆ ತಿರುಗಿ ನೋಡಿದಳು. ಹೆಸರು ಚನ್ನಾಜಮ್ಮ, ರಸ್ತೆಬದಿಯ ಮನೆಯವಳು, ಕಿವಿ ಅಷ್ಟಕ್ಕಷ್ಟೆ. ಆದದ್ದೇನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಎದ್ದು ನಿಂತು, ಮೊರವನ್ನು ಬಾನೆಟ್ಟಿನ ಮೇಲೆ ಪಟ್ಟನೆ ಬಡಿದಳು.

"ಲೋ, ಕಣ್ಣು ಕಾಣಕ್ಕಿಲ್ವಾ ನಿಂಗೆ!"

ಯಾರು ಯಾರಿಗೆ ಬೇಕಾದರೂ ಅನ್ನುವ ಮಾತು. ಪುಟ್ಟಬಸವಯ್ಯ ಇಳಿದು ಬಂದ. ಬಾನೆಟ್ಟಿಗೆ ಒರಗಿಕೊಂಡ.

"ಇಲ್ಲ ಕಣವ್ವ" ಅಂದ. "ಕಾಣಕ್ಕಿಲ್ಲ."

ಆ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಓಡಿ ಬಂದ ರುದ್ರಾಣಿ ಏದುಸಿರು ಬಿಡುತ್ತಾ ಅಲ್ಲೇ ನಿಂತಿದ್ದಳು. ಚಕ್ರಕ್ಕೆ ಕೊಡುವ ಕಲ್ಲು ಇನ್ನೂ ಅವಳ ಕೈಯಲ್ಲೇ ಇತ್ತು.

ಚನ್ನಾಜಮ್ಮ ಅವನ ಮುಖ ನೋಡಿದಳು, ಅವಳ ಮುಖ ನೋಡಿದಳು. "ಮೊದ್ಲು ನೆಳ್ಳಿಗೆ ಬನ್ನಿ. ನೀರು ಕೊಡ್ತೀನಿ" ಎಂದು ಮನೆಯ ಕಡೆ ನಡೆದಳು.

ಹೊಂಗೆಮರದ ಕೆಳಗೆ ಗಂಡ ಹೆಂಡತಿ ಕೂತರು. ಅವನು ಒಂದು ಚೆಂಬು ನೀರನ್ನು ಪೂರ್ತಿ ಕುಡಿದ. ನಾಲೆಯಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು. ಅವನೇ ಕೇಳಿದ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಉಂ."

"ಯಾವಾಗಿಂದ?"

"ಬೇವಿನ ಮರದತ್ರ ಗುಂಡಿ ಅಂತೀರಲ್ಲ, ದೀಪಾವಳಿಗಿಂತ ಮುಂಚೇನೇ ಅದನ್ನ ಮುಚ್ಚವ್ರೆ. ಒಸಾ ಟಾರು ಆಕಿ, ಕನ್ನಡಿ ಇದ್ದಂಗದೆ ಅಲ್ಲಿ."

ಪುಟ್ಟಬಸವಯ್ಯ ಚೆಂಬನ್ನು ಕೆಳಗಿಟ್ಟ. ದೀಪಾವಳಿಯಿಂದ ಇಲ್ಲಿಗೆ ಮೂರು ತಿಂಗಳು. ವಾರಕ್ಕೆ ಎರಡು ಸಲವಾದರೂ ಆ ದಾರಿ. ಅಷ್ಟೂ ಸಲ ಅವನು ಗುಂಡಿ ಅಂದಿದ್ದ.

"ಮತ್ತೆ ನೀನು ಎಡಕ್ಕೆ ತಕ್ಕೋತಿದ್ದಲ್ಲ? ಈಗ ಬರೋವಾಗ್ಲೂ ತಕ್ಕಂಡಲ್ಲ?"

"ತಕ್ಕತಿದ್ದೆ" ಅಂದಳು ರುದ್ರಾಣಿ. ನೆಲದ ಮೇಲೆ ಬಿದ್ದಿದ್ದ ಹೊಂಗೆ ಕಾಯೊಂದನ್ನು ಎತ್ತಿ ಬೆರಳಲ್ಲಿ ಹೊರಳಿಸುತ್ತಾ ಹೇಳಿದಳು: "ನೀವೇ ಒಂದಿನ ಏಳ್ತೀರಿ ಅಂದ್ಕಂಡೆ. ನಾನಾಗೇ ಎಂಗೆ ಏಳೋದು? ನಾನು ನಿಮ್ ಸೀಟು ಕಿತ್ಕಂಡೋಳು. ಕಣ್ಣಿನ ಮಾತೂ ನಾನೇ ಆಡುದ್ರೆ ನಿಮ್ಗೆ ಉಳಿಯೋದೇನು ಅನ್ನುಸ್ತು. ಇವತ್ತು ಆ ಮುದುಕಮ್ಮಂಗೆ ಏನಾರ ಆಗಿದ್ರೆ ತಪ್ಪು ನಂದೂ ಆಗೋದು."

"ನಿಂದೇನು ಬಂತು ತಪ್ಪು. ಕೊರಡು ತುಂಬ್ದೋನು ನಾನು. ಸುಳ್ ಏಳ್ದೋನೂ ನಾನೆ."

"ಗಾಳಿ ಕಮ್ಮಿ ಅಂದಾಗ್ಲೇ ಗೊತ್ತಾಯ್ತು ನಂಗೆ" ಅಂದಳು. ಅವಳ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಮರುಗಳಿಗೆಗೇ ಕಣ್ಣಲ್ಲಿ ನೀರು ಬಂತು. ಎರಡೂ ಅವನಿಗೆ ಕಾಣಲಿಲ್ಲ. ಮೂಗು ಎಳೆದದ್ದು ಮಾತ್ರ ಕೇಳಿಸಿತು. ಅವಳ ಕೈಯಿದ್ದ ಕಡೆಗೆ ತನ್ನ ಕೈ ಚಾಚಿದ. ಹೊಂಗೆ ಕಾಯಿ ಸಮೇತ ಅವಳ ಕೈ ಸಿಕ್ಕಿತು.

ಆಮೇಲೆ ಕೆಲಸ. ಪುಟ್ಟಬಸವಯ್ಯ ತಾನೇ ಅಮೃತೇಶನಿಗೆ ಫೋನು ಮಾಡಿದ. "ನೋಡಪ್ಪ, ಒಂದೇ ಟ್ರಿಪ್ಪು ಅಂದಿದ್ದೆ, ಆಗದಿಲ್ಲ. ಸೀಳಿದ್ದು ಮೊದ್ಲು ಬತ್ತದೆ, ಕೊರಡು ನಾಕೂವರೆಗೆ." ಅಮೃತೇಶ ಒಂದಿಷ್ಟು ಗೊಣಗಿದ. ಕೊನೆಗೆ, "ಸಂಜೆ ಸಿಹಿ ಅಡಿಗೆಗೆ ಸೀಳಿದ್ದು ಸಾಕು, ಕೊರಡು ಬೆಳಗಿನ ಜಾವ ಅನ್ನದ ಒಲೆಗೆ ತಾನೇ ಬೇಕಾಗೋದು, ಬನ್ನಿ" ಅಂದ. ಬೆಳಿಗ್ಗೆಯೇ ಕೇಳಿದ್ದರೂ ಅವನು ಇದನ್ನೇ ಅನ್ನುತ್ತಿದ್ದನೇನೋ. ಪುಟ್ಟಬಸವಯ್ಯ ಕೇಳಿರಲಿಲ್ಲ.

ಮೇಲಿನ ಸೀಳು ಸೌದೆ ತೆಗೆದಿಟ್ಟು, ಕೊರಡುಗಳನ್ನು ಇಬ್ಬರೂ ಸೇರಿ ಚನ್ನಾಜಮ್ಮನ ಅಂಗಳದ ಬದಿಗೆ ಇಳಿಸಿ, ಸೀಳಿದ್ದನ್ನು ಮತ್ತೆ ಹೇರಿದರು. ಎತ್ತುವಾಗ ಅವನು ತಲೆ ಕಡೆ, ಅವಳು ಬುಡದ ಕಡೆ. ಗಾಡಿ ಒಂದೊಂದು ಕೊರಡಿಗೂ ಒಂದೊಂದು ಬೆರಳು ಮೇಲೆದ್ದಿತು. ಕಾಯಲು ಏನು ಕೊಡಬೇಕವ್ವ ಎಂದು ರುದ್ರಾಣಿ ಕೇಳಿದರೆ ಚನ್ನಾಜಮ್ಮ ಹುರುಳಿಯ ಕಡೆ ಕೈ ತೋರಿಸಿದಳು.

"ಬೆಳಗ್ಗಿಂದ ಮೂರು ಬೈಕು, ಒಂದು ಆಟೋ ಬಂದವೆ. ಅವುಕ್ಕೆಲ್ಲಿ ಉದುರ್ತದೆ ಕಾಳು? ವಾಪಸ್ ಬಂದಾಗ ನಿನ್ ಗಾಡಿ ನಾಕು ಸಲ ಅದರ ಮ್ಯಾಲೆ ಓಡ್ಸು ಮಗ. ನಿಮ್ಮನೆಯವರು ಮಾತ್ರ ಈಚೆ ಇಳ್ಕಂಡಿರ್ಲಿ."

ಛತ್ರಕ್ಕೆ ಸೌದೆ ಹಾಕಿ ಅವರು ತಿರುಗಿ ಬಂದಾಗ ಎರಡೂವರೆ ಗಂಟೆ. ಖಾಲಿ ಪಿಕಪ್ಪನ್ನು ರುದ್ರಾಣಿ ಹುರುಳಿಯ ಮೇಲೆ ಮುಂದಕ್ಕೂ ಹಿಂದಕ್ಕೂ ಓಡಿಸಿದಳು. ಪುಟ್ಟಬಸವಯ್ಯ ಚನ್ನಾಜಮ್ಮನ ಜೊತೆ ರಸ್ತೆಯಂಚಿನಲ್ಲಿ ನಿಂತು, ಗಾಡಿ ದಾಟಿದ ಕೂಡಲೇ ಕವೆಗೋಲಿನಿಂದ ಗಿಡಗಳನ್ನು ತಿರುವಿ ಹಾಕಿದ. ಕಾಲಡಿಯಲ್ಲಿ ಕಾಳು ಚುರುಚುರು ಅನ್ನುತ್ತಿತ್ತು. ಎಲ್ಲಿ ಸೊಪ್ಪು ಇನ್ನೂ ಗಟ್ಟಿಯಿದೆ ಎಂಬುದು ಕೋಲಿನ ತುದಿಗೇ ತಿಳಿಯುತ್ತಿತ್ತು. ನಾಲ್ಕು ಸಲ ಅಂದದ್ದು ಹನ್ನೆರಡಾಯಿತು. ಮುದುಕಿ ಸಾಕು ಅನ್ನಲೇ ಇಲ್ಲ. ಕೊನೆಗೆ ರುದ್ರಾಣಿಯೇ ಡೀಸೆಲ್ಲು ನೆನೆಸಿಕೊಂಡು ನಿಲ್ಲಿಸಿದಳು.

ಕೊರಡು ಹೇರಿಕೊಂಡು ಹೊರಟರು. ಒಂದು ಮೈಲಿಯವರೆಗೂ ಎಡಗಡೆ ಸೀಟಿನಿಂದ ಮಾತೇ ಇಲ್ಲ. ರುದ್ರಾಣಿಗೆ ಆ ಮೌನವೇ ವಿಚಿತ್ರವಾಗಿ, ಗೇರು ಹಾಕುವಾಗ ಕೈ ತಪ್ಪುವಂತಾಯಿತು.

"ಏನಾರ ಮಾತಾಡ್ರೀ."

"ನಾನೇನು ಮಾತಾಡ್ಲಿ. ನೀನೇ ಏಳು. ಮುಂದೆ ಏನದೆ?"

ಅವಳು ಹೇಳಿದಳು. ಕಬ್ಬಿನ ಟ್ರ್ಯಾಕ್ಟರೊಂದು ಮುಂದಿದೆ, ಹಿಂದೆ ಓಡಿ ಕಬ್ಬು ಎಳೆಯುತ್ತಿರುವವನು ಹುಡುಗನಲ್ಲ, ನೆರೆಗೂದಲಿನವನು. ಗದ್ದೆಗೆ ಬೆಳ್ಳಕ್ಕಿ ಇಳಿದಿವೆ. ಯಾರದೋ ಹೊಸ ಮನೆಗೆ ಹಸಿರು ಬಣ್ಣ ಹೊಡೆದಿದ್ದಾರೆ, ಚೆನ್ನಾಗಿಲ್ಲ. ಅವನು "ಉಂ, ಉಂ" ಅನ್ನುತ್ತಾ ಕೇಳಿದ. ದಾರಿಯಲ್ಲಿ ಇಷ್ಟೆಲ್ಲ ಇರುತ್ತದೆ ಎಂಬುದನ್ನು ಹದಿನೇಳು ವರ್ಷ ಅವನು ನೋಡಿಯೇ ಇರಲಿಲ್ಲ. ಗುಂಡಿ, ತಿರುವು, ಎದುರು ಬರುವ ಬಸ್ಸು ಇಷ್ಟನ್ನೇ ನೋಡಿದ್ದ. ಕೇಳುತ್ತಾ ಕೇಳುತ್ತಾ ಯಾವಾಗಲೋ ಅವನ ತಲೆ ಕಿಟಕಿಗೆ ವಾಲಿತು. ಛತ್ರದ ಹಿಂದೆ ಗಾಡಿ ನಿಂತಾಗ ಅಮೃತೇಶನ ಕಡೆಯವರೇ ಬಂದು ಎಬ್ಬಿಸಬೇಕಾಯಿತು.

ಮದುವೆ ಮುಗಿದ ಮೂರನೆಯ ದಿನ ಇಬ್ಬರೂ ರೈಲಿನಲ್ಲಿ ಮೈಸೂರಿಗೆ ಹೋದರು. ಡಾಕ್ಟರು ಪರೀಕ್ಷೆ ಮಾಡಿ, ಎಡಗಣ್ಣಿನದು ಕೈ ಮೀರಿದೆ, ಬಲಗಣ್ಣನ್ನು ಉಳಿಸಿಕೊಳ್ಳಬಹುದು, ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಅದೂ ಇರುತ್ತಿರಲಿಲ್ಲ ಅಂದರು. ಪುಟ್ಟಬಸವಯ್ಯ ಮಂಚದ ಅಂಚನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಸೂಜಿ ಹಾಕಿಸಿಕೊಂಡ. ತಿಂಗಳಿಗೊಂದರಂತೆ ಇನ್ನೂ ನಾಲ್ಕು ಅಂದಾಗ ತಾರೀಖನ್ನು ತಾನೇ ಕೇಳಿ, ಶಿವಾನಿಗೆ ಫೋನು ಮಾಡಿ ಬರೆದಿಟ್ಟುಕೊಳ್ಳಲು ಹೇಳಿದ.

ಹಿಂತಿರುಗುವ ರೈಲಿನಲ್ಲಿ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಅವನು ಕಿಟಕಿ ಪಕ್ಕ ಕೂತಿದ್ದ. ಎದುರು ಸೀಟಿನಲ್ಲಿ ಯಾರೋ ಬುತ್ತಿ ಬಿಚ್ಚಿದರು. ಬೆಳ್ಳುಳ್ಳಿ ಚಟ್ನಿಯ ಘಮಲು ಬಂತು.

"ಏನು ತಿಂತಾವ್ರೆ?" ಎಂದು ಅವನು ಹೆಂಡತಿಯ ಕಿವಿಯಲ್ಲಿ ಕೇಳಿದ.

"ಸುಮ್ಕಿರಿ, ಕೇಳುಸ್ತದೆ."

ಎದುರಿನ ಹೆಂಗಸಿಗೆ ಕೇಳಿಸಿಯೇ ಬಿಟ್ಟಿತ್ತು. ಅವಳು ನಗುತ್ತಾ ಎರಡು ರೊಟ್ಟಿ ತೆಗೆದು ರುದ್ರಾಣಿಯ ಕೈಗಿಟ್ಟಳು. ರುದ್ರಾಣಿ ಒಂದನ್ನು ಮುರಿದು, ಚಟ್ನಿ ಸವರಿ, ಗಂಡನ ಅಂಗೈ ತಿರುಗಿಸಿ ಅದರ ಮೇಲಿಟ್ಟಳು. ರೈಲು ಕಪಿಲೆಯ ಸೇತುವೆಯ ಮೇಲೆ ಸದ್ದು ಮಾಡುತ್ತಾ ಹೋಯಿತು.